ಶಟರ್ ಮೇಲಿನ ಇಳಿಜಾರು

ಊರಿನ ಅರ್ಧ ಗೋಡೆಗಳ ಮೇಲೆ ಬಣ್ಣದಣ್ಣನ ಕೈಯಿತ್ತು. ಸೇತುವೆಯ ಪಕ್ಕದ ಗೋಡೆಯಲ್ಲಿ ಅವನ ಕೊಕ್ಕರೆಗಳು, ಆಸ್ಪತ್ರೆಯ ಕಾಂಪೌಂಡಿನ ಮೇಲೆ ಅವನ ಛತ್ರಿಗಳು. ಜನ ಬಸ್ಸು ತಪ್ಪಿಸಿಕೊಂಡಾದರೂ ನಿಂತು ನೋಡುತ್ತಿದ್ದರು. ಆದರೆ ಮನೆಯೊಳಗಿನ ಒಬ್ಬಳು ನೋಡದಿದ್ದರೆ ಊರೆಲ್ಲ ನೋಡಿ ಏನು ಬಂತು?

ಆ ಒಬ್ಬಳು ಅವನ ಹೆಂಡತಿ, ಬೀದಿಯವರ ಬಾಯಲ್ಲಿ ಸೈಕಲಕ್ಕ. ಮೇಲೆ ಮನೆ, ಕೆಳಗೆ ಅವಳ ಸೈಕಲ್ ರಿಪೇರಿ ಅಂಗಡಿ. ಕಾರ್ಖಾನೆಗೆ ಹೋಗುವವರಿಗಾಗಿ ಹೊತ್ತು ಹುಟ್ಟುವ ಮುಂಚೆ ಶಟರ್ ಎತ್ತಿದರೆ ಇಳಿಸುವುದು ಕತ್ತಲಾದ ಮೇಲೆಯೇ. ರಜೆ ಎಂಬುದು ಆ ಅಂಗಡಿಗೆ ಕಾಲಿಟ್ಟದ್ದಿಲ್ಲ. ಊರವರ ಪಂಕ್ಚರ್ ಹಾಕುವವಳ ಸ್ವಂತ ಸೈಕಲ್ ಮಾತ್ರ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು.

ಒಮ್ಮೆ ಮಾತ್ರ ಅವಳು ಜ್ವರದಿಂದ ಮಲಗಿ ಅಂಗಡಿ ಮುಚ್ಚಿದ್ದಾಗ ಬಣ್ಣದಣ್ಣ ಅಂಗಡಿಯ ಶಟರ್ ಮೇಲೆ ಚಿತ್ರ ಬರೆದ. ಸೇತುವೆಯ ಇಳಿಜಾರು, ನೀಲಿ ಆಕಾಶ, ಹ್ಯಾಂಡಲ್‌ನಿಂದ ಎರಡೂ ಕೈ ಬಿಟ್ಟು ಸೈಕಲ್‌ನಲ್ಲಿ ಇಳಿದು ಬರುತ್ತಿರುವ ಹುಡುಗಿ. ಮದುವೆಗೆ ಮುಂಚೆ ಅವನು ಏಣಿ ಹತ್ತಿ ಕೊಕ್ಕರೆ ಬರೆಯುತ್ತಿದ್ದಾಗ ಅವಳು ಹಾಗೆಯೇ ಇಳಿದು ಬಂದು, "ಕೊಕ್ಕರೆಗೆ ಇನ್ನೊಂದು ಕಾಲೆಲ್ಲಿ?" ಎಂದು ಕೂಗಿ ಹೋಗಿದ್ದಳು. ಏಣಿಯಿಂದ ಬೀಳದೆ ಉಳಿದದ್ದು ಅವನ ಪುಣ್ಯ.

ಜ್ವರ ಬಿಟ್ಟ ಮೇಲೆ ಅವಳು ಆ ಚಿತ್ರ ನೋಡಿದ್ದು ರಾತ್ರಿ, ಬೀಗ ಹಾಕುತ್ತ. ಬೀದಿದೀಪದ ಹಳದಿ ಬೆಳಕಿನಲ್ಲಿ ನೀಲಿಯೂ ಒಂದೇ, ಕೆಂಪೂ ಒಂದೇ, ಎಲ್ಲವೂ ಕೆಸರು.

"ಚೆನ್ನಾಗಿದೆ ಬಿಡಿ," ಅಂದಳು.

ಅವನಿಗೆ ಪಿಚ್ಚೆನಿಸಿತು. ಅಂದಿನಿಂದ ಅವನಿಗೆ ಬೇಕಾಗಿದ್ದದ್ದು ಒಂದೇ, ಅವಳು ಅದನ್ನು ಹಗಲಲ್ಲಿ ನೋಡಬೇಕು.

"ಒಂದಿನ ಬೆಳಕಲ್ಲಿ ನೋಡೇ."

"ಬೆಳಕಲ್ಲಿ ಅಂಗಡಿ ಮುಚ್ಚಿ ಕೂತ್ರೆ ಗಿರಾಕಿಗಳ ಸೈಕಲ್ ಯಾರು ಮಾಡ್ತಾರೆ, ನಿಮ್ಮ ಕೊಕ್ಕರೆಗಳಾ?"

"ಹಿತ್ತಲ ಗಿಡ ಮದ್ದಲ್ಲ ಕಣೋ, ಸುಮ್ನೆ ಬಂದು ಊಟ ಮಾಡು," ಎಂದರು ಮೇಲಿನ ಕಿಟಕಿಯಿಂದ ಅವನ ತಾಯಿ.

ದಿನಾ ಎತ್ತಿ ಇಳಿಸಿ ಚಿತ್ರದ ಆಕಾಶ ಮಾಸಿತ್ತು. ಒಂದು ರಾತ್ರಿ ಅವಳು ಅಂಗಡಿ ಮುಚ್ಚಿದ ಮೇಲೆ ಅವನು ಮತ್ತೊಂದು ಕೋಟ್ ನೀಲಿ ಬಳಿದ. ಪ್ರೀತಿ ಹೆಚ್ಚಾಯಿತೋ, ದೀಪ ಕಮ್ಮಿಯಾಯಿತೋ, ಬಣ್ಣ ಸಿಕ್ಕಾಪಟ್ಟೆ ದಪ್ಪಗಾಯಿತು.

ಬೆಳಿಗ್ಗೆ ಶಟರ್ ಜಪ್ಪಯ್ಯ ಎಂದರೂ ಮೇಲೇಳಲಿಲ್ಲ. ಬಣ್ಣ ಶಟರಿನ ಪಟ್ಟಿಗಳ ಸಂದಿಗೆ ಇಳಿದು ಒಣಗಿತ್ತು.

"ಯಾರ ಘನಂದಾರಿ ಕೆಲಸ ಇದು?" ಎಂದಳು ಸೈಕಲಕ್ಕ.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬಣ್ಣದಣ್ಣ ನೀಲಿಯಾದ ಕೈಯನ್ನು ಜೇಬಿಗೆ ತುರುಕಿಕೊಂಡ. ಇವತ್ತು ತನಗೆ ಮಂಗಳಾರತಿ ಗ್ಯಾರಂಟಿ ಎಂದುಕೊಂಡ. ಅವಳು ಎರಡು ಸಲ ಎಳೆದಳು, ಒಮ್ಮೆ ಒದ್ದಳು, ಆಮೇಲೆ ಮುಖ ಗಂಟು ಹಾಕಿಕೊಂಡು ಎದುರಿನ ಫುಟ್‌ಪಾತಿನ ಮೇಲೆ ಕುಳಿತಳು. ಅಷ್ಟರಲ್ಲಿ ಬಿಸಿಲು ಬಂತು.

ಮೊದಲು ನೀಲಿ ಎದ್ದಿತು, ಆಮೇಲೆ ಹುಡುಗಿಯ ಕೆಂಪು ಅಂಗಿ. ಸೈಕಲಕ್ಕನ ಕಣ್ಣು ಅಲ್ಲೇ ನಿಂತಿತು. ಅವನು ಅವಳ ಮುಖವನ್ನೇ ನೋಡುತ್ತ ನಿಂತ.

"ಇದು ನಾನಾ?"

"ನೀನೇ."

"ಕೈ ಬಿಟ್ಟಿದೀನಿ."

"ಬಿಟ್ಟಿದ್ದೆ."

ಅವಳು ಚೆನ್ನಾಗಿದೆ ಎನ್ನಲಿಲ್ಲ. ಎದ್ದು ಗಿರಾಕಿಗಳಿಗೆ, "ಶಟರ್ ಅಂಟಿಕೊಂಡಿದೆ, ನಾಳೆ ಬನ್ನಿ," ಎಂದಳು. ಮೆಟ್ಟಿಲ ಕೆಳಗಿಂದ ಸೈಕಲ್ ಎಳೆದು, ಒರೆಸಿ, ಗಾಳಿ ಹೊಡೆದಳು. ಅವನ ಸೈಕಲ್ ಬ್ರೇಕ್ ಕೆಟ್ಟು ಅಂಗಡಿಯೊಳಗೇ ಸಿಕ್ಕಿಕೊಂಡಿತ್ತು.

"ಕ್ಯಾರಿಯರ್ ಮೇಲೆ ಕೂತ್ಕೊಳ್ಳಿ," ಎಂದಳು. ಕಿಟಕಿಯಲ್ಲಿ ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

ಬ್ರೆಡ್ಡಿನ ಅಂಗಡಿಯ ಬಿಸಿ ಪರಿಮಳ, ಬಟ್ಟೆ ಕೊಡವುತ್ತಿದ್ದ ಕ್ಷೌರದವನು, ಶಾಲೆಗೆ ಓಡುವ ಮಕ್ಕಳು. ಇದೆಲ್ಲ ಇಷ್ಟು ದಿನ ತನ್ನನ್ನು ಬಿಟ್ಟು ನಡೆದಿತ್ತೇ ಎನ್ನುವ ಹಾಗೆ ಅವಳು ಎಲ್ಲರಿಗೂ ಬೆಲ್ ಹೊಡೆದಳು. ಛತ್ರಿಗಳ ಮುಂದೆ ನಿಂತಳು. ಕೊಕ್ಕರೆಗಳ ಮುಂದೆ ಇಳಿದು ಕಾಲು ಎಣಿಸಿದಳು. ಎಲ್ಲಕ್ಕೂ ಎರಡೆರಡು ಕಾಲಿದ್ದವು.

"ಅವತ್ತು ಸಾಯಂಕಾಲಾನೇ ಬರೆದುಬಿಟ್ಟೆ," ಎಂದ ಅವನು. ಅವಳು ನಕ್ಕಳು.

ಸೇತುವೆಯ ಇಳಿಜಾರು ಬಂತು. "ರೀ, ಗಟ್ಟಿಯಾಗಿ ಹಿಡ್ಕೊಳ್ಳಿ!"

ಅವಳ ಎರಡೂ ಕೈ ಗಾಳಿಯಲ್ಲಿದ್ದವು.

"ಹ್ಯಾಂಡಲ್ ಹಿಡಿಯೇ!"

"ಚಿತ್ರದಲ್ಲಿ ಹಿಡ್ದಿಲ್ವಲ್ಲ!"

ಸಂಜೆ ಹೊತ್ತಿರುವಾಗಲೇ ಮರಳಿದರು. ಶಟರ್ ರಿಪೇರಿಯವನಿಗೆ ಫೋನ್ ಮಾಡಲೇ ಎಂದು ಅವನು ಅಳುಕುತ್ತ ಕೇಳಿದ. ಅವಳು ಸೀಟಿನ ಹಿಂದಿನ ಪುಟ್ಟ ಚೀಲದಿಂದ ಎಣ್ಣೆ ಡಬ್ಬಿಯನ್ನೂ ಚಾಕುವನ್ನೂ ತೆಗೆದಳು. ಸಂದಿಗಳಲ್ಲಿ ಚಾಕು ಆಡಿಸಿ, ಎರಡೂ ಬದಿಗೆ ಎಣ್ಣೆ ಬಿಟ್ಟು ಎಳೆದಳು. ಶಟರ್ ಸರ್ರನೆ ಮೇಲೆ ಹೋಯಿತು.

ಅವನು ಬಾಯಿ ಬಿಟ್ಟುಕೊಂಡು ನಿಂತ. "ಇದು ಬೆಳಿಗ್ಗೇನೇ ಚೀಲದಲ್ಲಿತ್ತಾ?"

"ಇತ್ತು."

ಅವಳು ಶಟರನ್ನು ಮತ್ತೆ ಇಳಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು, ಉಳಿದಿದ್ದ ಬೆಳಕಿನಲ್ಲಿ ಆ ಹುಡುಗಿಯನ್ನು ಇನ್ನೊಮ್ಮೆ ನೋಡಿದಳು.

"ಮುಂದಿನ ವಾರ ಇನ್ನೊಂದು ಕೋಟ್ ಹೊಡೀರಿ," ಎಂದಳು. "ದಪ್ಪಗೇ ಇರ್ಲಿ."