ಹಿಂದುಮುಂದಾಗಿ ಹೊಲಿದ ಕಾದಂಬರಿ

ನಾನು ಒಂದು ಕಾದಂಬರಿ. ಅಚ್ಚುಮೊಳೆಗಳನ್ನು ಕೈಯಲ್ಲೇ ಜೋಡಿಸುತ್ತಿದ್ದ ಕಾಲದಲ್ಲಿ ಮೈಸೂರಿನ ಪುಟ್ಟ ಅಚ್ಚುಕೂಟವೊಂದರಲ್ಲಿ ಹುಟ್ಟಿದೆ. ಶಾಯಿ ಒಣಗುವ ಮೊದಲೇ ನನ್ನೊಳಗೆ ಹೆಣ್ಣೊಬ್ಬಳು ಓಡಾಡತೊಡಗಿದ್ದಳು, ಮಂದಾಕಿನಿ. ಪೂರ್ವಾರ್ಧದಲ್ಲಿ ಗಂಡನ ಹೊಡೆತ ತಾಳದೆ ಹೊಸ್ತಿಲು ದಾಟಿ, ದೋಣಿ ಹತ್ತಿ, ಹೊಳೆಯಾಚೆ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಉತ್ತರಾರ್ಧದಲ್ಲಿ ಪಶ್ಚಾತ್ತಾಪಪಟ್ಟು ಮರಳಿ, ಗಂಡನ ಕಾಲು ಹಿಡಿದು, ಒಲೆಯ ಮುಂದೆ ಕೂರುತ್ತಾಳೆ. ನಾಯಕಿ ಪಕ್ವವಾದಳು ಎಂದು ದೊಡ್ಡವರು ಹೊಗಳಿದರು. ನನ್ನನ್ನು ಮೇರುಕೃತಿ ಎಂದರು. ನಾನೂ ನಂಬಿದೆ.

ಓದುಗರ ಬಳಗವೊಂದರ ಕಪಾಟಿನಲ್ಲಿ ನನಗೆ ವಯಸ್ಸಾಯಿತು. ಗೆದ್ದಲು ಬಂದು ಮೇಲಂಚನ್ನೂ ಪುಟದ ಅಂಕಿಗಳನ್ನೂ ತಿಂದಿತು. ರಟ್ಟು ಹೋಯಿತು, ಮೊದಲ ಹಾಳೆಗಳೂ ಕೊನೆಯ ಹಾಳೆಗಳೂ ಹೋದವು. ನಾನು ಎರಡು ಹೋಳಾದೆ. ಬಳಗದ ಮರಿಸ್ವಾಮಿ ಮೇಷ್ಟ್ರು ರದ್ದಿಗೆ ಹಾಕಲಿದ್ದರು. ಊದುಬತ್ತಿ ಹೊಸೆಯುವ ಕೆಂಪಾಜಮ್ಮ ನನ್ನನ್ನು ಕೇಳಿ ಪಡೆದಳು.

ಅವಳು ದುಡಿಯುತ್ತಿದ್ದ ಊದುಬತ್ತಿ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಓದು ಬಲ್ಲ ಕೆಂಪಾಜಮ್ಮ ಕೈ ತೊಳೆದುಕೊಂಡು ಓದಬೇಕು, ಅವಳ ಪಾಲಿನ ಬತ್ತಿಯನ್ನು ಉಳಿದವರು ಹೊಸೆಯಬೇಕು. ಇದ್ದಿಲ ಹಿಟ್ಟು, ಗಂಧದ ಘಮ, ಹಲಗೆಯ ಮೇಲೆ ಅಂಗೈಗಳ ಸರಸರ. ನನಗೆ ಸದಾ ಅರೆನಿದ್ದೆ.

ಓದುವ ಮೊದಲು ನನ್ನನ್ನು ಹೊಲಿಯಬೇಕಿತ್ತು. ಯಾವ ಹೋಳು ಮೇಲೆ, ಯಾವುದು ಕೆಳಗೆ? ಹಿರಿಯಳಾದ ದೊಡ್ಡತಾಯಮ್ಮ ತೀರ್ಪು ಕೊಟ್ಟಳು: “ಮೊದ್ಲು ಒಲೆ ಊದ್ಬೇಕು ಕನಮ್ಮಿ. ಹೊಸ್ಲು ದಾಟೋದು ಆಮೇಕೆ. ಇಷ್ಟೂ ಗೊತ್ತಾಗಾಕಿಲ್ವಾ?”

ಹಾಗೇ ಹೊಲಿದರು. ಮಂದಾಕಿನಿ ಕಾಲು ಹಿಡಿಯುವಲ್ಲಿಂದ ಕತೆ ಶುರುವಾಯಿತು. “ತೌರಿಗೆ ಓಗಿ ಬಂದಿರ್ಬೇಕು, ಪಾಪ” ಎಂದರು. ವಾರಗಟ್ಟಲೆ ಅವಳು ಬಾಯಿಮುಚ್ಚಿ ಒಲೆ ಊದಿದಳು. ಆಮೇಲೆ ಒಂದು ಮಧ್ಯಾಹ್ನ ಹೊಸ್ತಿಲು ದಾಟಿದಳು. ಹಲಗೆಗಳ ಸದ್ದೇ ನಿಂತುಹೋಯಿತು. ದೋಣಿ ದಡ ಬಿಟ್ಟಾಗ ನನ್ನ ಮೈಯೆಲ್ಲ ನೀರಾದಂತಿತ್ತು.

ಆ ವಾರವೇ ಕೆಂಪಾಜಮ್ಮನ ಗಂಡನ ಅಣ್ಣ ಶೆಡ್ಡಿನ ಬಾಗಿಲಿಗೆ ಬಂದ. ಗಂಡ ಹೊಡೆದು ಮಣಿಕಟ್ಟು ಮುರಿದ ಮೇಲೆ ಅವಳು ತೌರು ಸೇರಿ ಎರಡು ವರ್ಷವಾಗಿತ್ತು. “ಸುಕ್ರವಾರ ಕರ್ಕೊಂಡೋಗಾಕೆ ಬತ್ತೀನಿ. ಸೀರೆ ಮಡ್ಚಿಕ್ಕೊಂಡಿರು” ಎಂದು ಹೇಳಿ ಹೋದ.

ಗುರುವಾರ ಮೇಷ್ಟ್ರು ಬಂದರು. ನನ್ನನ್ನು ತಿರುವಿ ನೋಡಿ ನಕ್ಕುಬಿಟ್ಟರು. “ಹಿಂದುಮುಂದು ಹೊಲ್ದಿದ್ದೀರಲ್ಲಮ್ಮ! ಮಂದಾಕಿನಿ ಕೊನೆಗೆ ಗಂಡನ ಮನೆಗೇ ಬರ್ತಾಳೆ. ಅದೇ ಅವಳ ಬೆಳವಣಿಗೆ.”

“ಬೆಳ್ದು ಬೆಳ್ದು ಒಲೆ ಮುಂದಕ್ಕೇನಾ ಮೇಷ್ಟ್ರೇ?” ಎಂದಳು ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಮುಬೀನಾ. ಎಲ್ಲರೂ ನಕ್ಕರು. ಕೆಂಪಾಜಮ್ಮ ನಗಲಿಲ್ಲ. ನನ್ನನ್ನು ಮುಚ್ಚಿ, ಸೊಟ್ಟಗಾದ ತನ್ನ ಮಣಿಕಟ್ಟನ್ನು ನೋಡುತ್ತ ಕೂತಳು. ನಾಚಿಕೆಯಾಯಿತು ನನಗೆ. ಹೆಣ್ಣೊಬ್ಬಳನ್ನು ಆಚೆ ದಡದಿಂದ ಎಳೆದು ತರುವ ಹಗ್ಗವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಮೇರುಕೃತಿಯೆಂದು ಬೀಗಿದ್ದೆನಲ್ಲ!

ಶುಕ್ರವಾರ ಅವನು ಬಂದ.

“ನಾನು ಬರಾಕಿಲ್ಲ ಭಾವ.”

“ಓದೀ ಓದೀ ತಲೆ ಕೆಟ್ಟೋಗದೆ ನಿಂಗೆ. ಆ ಪುಸ್ತಕ ಹೇಳ್ಕೊಡ್ತಾ?”

“ಪುಸ್ತಕದಾಗೆ ಅವ್ಳು ವಾಪಸ್ ಓಗವ್ಳೆ. ನಾನು ಓಗಾಕಿಲ್ಲ.”

ಅವನು ಬಾಗಿಲಲ್ಲೇ ನಿಂತಿದ್ದ. ಒಳಗೆ ಒಬ್ಬೊಬ್ಬರಾಗಿ ಎದ್ದು ಕೆಂಪಾಜಮ್ಮನ ಹಿಂದೆ ನಿಂತರು, ಮೊಣಕೈವರೆಗೆ ಕಪ್ಪು ಹಿಟ್ಟು ಮೆತ್ತಿದ ಹದಿನಾಲ್ಕು ಹೆಂಗಸರು. ಅವನು ಹೊರಟುಹೋದ.

ಈಗ ನಾನು ಮುದಿಯಾಗಿದ್ದೇನೆ. ಅಕ್ಷರಗಳು ಮಾಸಿವೆ, ತೆರೆದರೆ ಹಾಳೆ ಪುಡಿಯಾಗುತ್ತದೆ. ಕೆಂಪಾಜಮ್ಮ ನನ್ನನ್ನು ಮಡಿಲಲ್ಲಿಟ್ಟುಕೊಂಡು, ತೆರೆಯದೆಯೇ ಓದುತ್ತಾಳೆ. ಆಚೆ ದಡದಲ್ಲಿ ಮಂದಾಕಿನಿಗೆ ತಲೆ ನರೆತಿದೆಯಂತೆ. ಶಾಲೆಗೆ ಹೆಂಚು ಹೊದಿಸಿದ್ದಾಳಂತೆ. ಸಂಜೆ ದೋಣಿಯಿಂದ ಯಾರಾದರೂ ಹೆಂಗಸರು ಇಳಿದರೆ, ಊಟವಾಯಿತೇ ಎಂದು ಮೊದಲು ಕೇಳುತ್ತಾಳಂತೆ. ಇದೊಂದೂ ನನ್ನಲ್ಲಿ ಅಚ್ಚಾಗಿರಲಿಲ್ಲ. ಮುಂದೇನಾಯಿತೋ ಎಂದು ಕಿವಿಗೊಟ್ಟು ಕೇಳುತ್ತೇನೆ.