ಹನ್ನೊಂದನೆಯ ಹೆಸರು

ಥ್ರಶ್‌ಡೇಲ್‌ನ ರೋವರ್ಸ್ ಫುಟ್‌ಬಾಲ್ ಕ್ಲಬ್ಬು ಹುಟ್ಟಿದ್ದು ಬೆಥೆಲ್ ಪ್ರಾರ್ಥನಾಮಂದಿರದಲ್ಲಿ. ನೇಯ್ಗೆ ಗಿರಣಿಯ ಹುಡುಗರು ಹೆಂಡದಂಗಡಿಗೆ ಹೋಗದಿರಲಿ ಎಂದು ಹಿಂದೊಬ್ಬ ಪಾದ್ರಿ ಚೆಂಡು ಕೊಡಿಸಿದ್ದರು. ಈಗ ಅದು ಸಂಬಳದ ಆಟಗಾರರ ಕ್ಲಬ್ಬು. ಲೀಗಿನ ಕೊನೆಯ ಡಿವಿಷನ್ನಿನಲ್ಲಿ ಏಳುತ್ತ ಬೀಳುತ್ತ ಇದೆ. ಆದರೂ ಪ್ರತಿ ಆಗಸ್ಟಿನಲ್ಲಿ, ಮೊದಲ ಪಂದ್ಯದ ಹಿಂದಿನ ಭಾನುವಾರ, ಮೊತ್ತಮೊದಲ ತಂಡದವರ ಹೆಸರುಗಳನ್ನು ಮಂದಿರದಲ್ಲಿ ಪದ್ಯವಾಗಿ ಹೇಳದೆ ಊರು ಮೈದಾನಕ್ಕೆ ಕಾಲಿಡುವುದಿಲ್ಲ.

ಪದ್ಯ ಮುನ್ನುಗ್ಗಿ ಆಡುವವರಿಂದ ಶುರುವಾಗಿ ಹಿಂದಕ್ಕೆ ಬರುತ್ತದೆ. ಹತ್ತು ಹೆಸರಾದ ಮೇಲೆ ಗೋಲ್‌ಕೀಪರನ ಜಾಗ. ಅಲ್ಲಿ ಹೆಸರಿಲ್ಲ. ಎಲ್ಲರೂ ಒಟ್ಟಿಗೆ ಹಲಗೆಯ ನೆಲಕ್ಕೆ ಒಮ್ಮೆ ಕಾಲು ಬಡಿಯುತ್ತಾರೆ. ಆಮೇಲೆ ಆಮೆನ್.

ಆ ಗೋಲ್‌ಕೀಪರ್ ಈನಾಕ್ ಟ್ಯಾಟರ್ಸಾಲ್. ಪಕ್ಕದ ಹೋಲ್ಡನ್‌ಬರಿಯವರು ಗಿರಣಿಯಲ್ಲಿ ಮೇಸ್ತ್ರಿ ಕೆಲಸ ಕೊಡುತ್ತೇವೆಂದರು. ಅವರ ತಂಡಕ್ಕೆ ಹೋದ. ಅದೇ ಚಳಿಗಾಲ ಕಪ್ ಪಂದ್ಯದಲ್ಲಿ ರೋವರ್ಸ್ ಹೊಡೆದ ಚೆಂಡನ್ನೆಲ್ಲ ತಡೆದು ಹುಟ್ಟೂರನ್ನು ಸೋಲಿಸಿದ.

ಅವನ ಮೊಮ್ಮಗಳು ಹಿಲ್ಡಾ ಅದೇ ಮಂದಿರದಲ್ಲಿ ಬೆಳೆದವಳು. ಕಾಲು ಬಡಿಯುವ ಹೊತ್ತಿಗೆ ಪಕ್ಕದಲ್ಲಿ ಕೂತ ಸೋದರತ್ತೆ ಮಾರ್ಥಾ, ಈನಾಕನ ಮಗಳು, ಎರಡೂ ಪಾದಗಳನ್ನು ಬೆಂಚಿನಡಿಗೆ ಎಳೆದುಕೊಳ್ಳುವುದನ್ನು ವರ್ಷವರ್ಷವೂ ನೋಡಿದ್ದಳು. ಅಜ್ಜನ ಹೆಸರು ಒಂದು ಸಲವಾದರೂ ಆ ಗೋಡೆಗಳ ನಡುವೆ ಕೇಳಬೇಕು ಎಂಬುದು ಅವಳ ಆಸೆ.

ಆ ವರ್ಷ ಪದ್ಯ ಹೇಳುವ ಸಿರಿಲ್ ರಾಮ್ಸ್‌ಡೆನ್‌ನ ಗಂಟಲು ಕಟ್ಟಿತು. ಹಿಲ್ಡಾಳ ಅಡುಗೆಮನೆಗೆ ಬಂದು ಕೂತ.

"ನಿಂಗೆ ಬಾಯಿಪಾಠ ಇದೆ. ಈ ಸಲ ನೀನೇ ಹೇಳ್ಬಿಡು," ಎಂದು ಪಿಸುಗುಟ್ಟಿದ.

"ಹನ್ನೊಂದೂ ಹೇಳ್ತೀನಿ, ಸಿರಿಲ್."

ಅವನು ಚಹಾದ ಬಟ್ಟಲು ಕೆಳಗಿಟ್ಟ. "ಬಿಟ್ಟುಹೋದವನ ಹೆಸರು ಯಾಕಮ್ಮ?"

"ನಿಮ್ಮಜ್ಜನೂ ಬ್ಲ್ಯಾಕ್‌ಪೂಲ್‌ಗೆ ಹೋದ್ರು. ಅವರ ಹೆಸರು ಹೇಳ್ತೀವಲ್ಲ?"

"ಅವರು ಹೋಗಿದ್ದು ಎದೆರೋಗಕ್ಕೆ, ಸಮುದ್ರದ ಗಾಳಿಗೆ ಕಣೇ. ಗೋಲು ತಡೆಯಕ್ಕಲ್ಲ." ಕೆಮ್ಮಿ ಮತ್ತೆ ಅಂದ: "ಬೇಕಾದ್ರೆ ಹೇಳು. ಯಾರಿಗೂ ಕೇಳ್ಸಲ್ಲ. ನೀನು ಬಾಯಿ ತೆಗೆಯೋಕ್ ಮುಂಚೆ ಜನರ ಬೂಟು ಬಿದ್ದಿರುತ್ತೆ."

ಅವನ ಮಾತು ಸುಳ್ಳಲ್ಲ. ವಾರವೆಲ್ಲ ಬಟ್ಟೆಗೆ ಇಸ್ತ್ರಿ ಹಾಕುತ್ತ ಹಿಲ್ಡಾ ಪದ್ಯವನ್ನು ಗುನುಗಿದಳು. ಹೆಸರನ್ನು ಎಲ್ಲಿಟ್ಟರೂ ಕಾಲಿನ ಪೆಟ್ಟು ಅದರ ಮೇಲೆಯೇ ಬೀಳುತ್ತಿತ್ತು. ಶುಕ್ರವಾರ ಅವಳಿಗೆ ಹೊಳೆಯಿತು: ಪೆಟ್ಟಾದ ಮೇಲೆ, ಆಮೆನ್ ಅನ್ನುವ ಮೊದಲು, ಜನ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಅಷ್ಟು ಜಾಗ ಖಾಲಿ ಇದೆ.

ಭಾನುವಾರ ಎದ್ದು ನಿಂತು ಎಂದಿನ ಧಾಟಿಯಲ್ಲೇ ಹೇಳಿದಳು.

"ಎಡದಂಚಲಿ ಓಡಿದವ ಎಲೈಜಾ ಕ್ಲೆಗ್,
ಎದೆಗೊಟ್ಟು ನಿಂತವ ಎಬೆನ್ ರಾಮ್ಸ್‌ಡೆನ್..."

ಹತ್ತು ಹೆಸರೂ ಮುಗಿದವು. ಬೂಟುಗಳು ಬಿದ್ದವು. ಕಿಟಕಿಯ ಗಾಜು ಸಣ್ಣಗೆ ಅದುರಿತು.

"ಗೋಲಿನಲಿ ನಿಂತವ ಈನಾಕ್ ಟ್ಯಾಟರ್ಸಾಲ್."

ಆಮೆನ್ನಿಗೆಂದು ತೆರೆದ ಬಾಯಿಗಳು ತೆರೆದೇ ಉಳಿದವು. ಸಿರಿಲ್ ತಲೆ ತಗ್ಗಿಸಿದ. ಈಸ್ಟರ್ ಕಳೆದ ಮೇಲಷ್ಟೇ ಊರಿಗೆ ಬಂದಿದ್ದ ಹೊಸ ಪಾದ್ರಿಗೆ ಇದೊಂದೂ ಗೊತ್ತಿರಲಿಲ್ಲ. ಪದ್ಯ ಮುಗಿಯಿತೆಂದು ಗಟ್ಟಿಯಾಗಿ "ಆಮೆನ್" ಎಂದುಬಿಟ್ಟರು. ಪಾದ್ರಿಯೇ ಅಂದಮೇಲೆ ಉಳಿದವರೂ ಅನ್ನಬೇಕಾಯಿತು.

ಚಹಾದ ಹೊತ್ತಿಗೆ ಮಾಂಸದಂಗಡಿಯ ಏಡಾ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಹತ್ತಿರ ಬಂದಳು.

"ಶನಿವಾರ ಸೋತ್ರೆ ನಿನ್ನ ತಲೆಗೇ ಕಟ್ತೀವಿ, ಹಿಲ್ಡಾ."

"ಗೆದ್ರೆ?"

"ಗೆದ್ರೆ ಹುಡುಗರು ಚೆನ್ನಾಗಿ ಆಡಿದ್ರು ಅಂತ."

ಕಿವಿ ಮಂದವಾಗಿದ್ದ ಮಾರ್ಥಾ ಹಿಲ್ಡಾಳ ತೋಳು ಎಳೆದಳು. "ಎಲ್ಲರೂ ಆಮೆನ್ ಅಂದ್ರಾ?"

"ಅಂದ್ರು, ಅತ್ತೆ."

"ನಮ್ಮಪ್ಪ ಇದ್ದಿದ್ರೆ ನಗ್ತಿದ್ದ. ಅವನಿಗೆ ಪ್ರಾರ್ಥನೆ ಅಂದ್ರೇ ಆಗ್ತಿರ್ಲಿಲ್ಲ," ಎಂದು ಮುದುಕಿ ಇನ್ನೊಂದು ಸ್ಯಾಂಡ್‌ವಿಚ್ ತೆಗೆದುಕೊಂಡಳು.

ಶನಿವಾರ ರೋವರ್ಸ್ ಸೋತಿತು. ಚಳಿಗಾಲವೆಲ್ಲ ಸೋಲುತ್ತಲೇ ಇತ್ತು. ಹಿಲ್ಡಾ ಅಂಗಡಿಗೆ ಹೋದರೂ ಬಸ್ಸು ಹತ್ತಿದರೂ ಅದೇ ಮಾತು. ಆದರೂ ಅವಳು ಒಂದು ಭಾನುವಾರವೂ ಮಂದಿರ ತಪ್ಪಿಸಲಿಲ್ಲ.

ಮುಂದಿನ ಆಗಸ್ಟಿಗೆ ಸಿರಿಲ್‌ನ ಗಂಟಲು ಸರಿಹೋಗಿತ್ತು. ಹತ್ತು ಹೆಸರು ಹೇಳಿದ. ಬೂಟುಗಳು ಎಂದಿಗಿಂತ ಜೋರಾಗಿಯೇ ಬಿದ್ದವು. ಅವನು ಮಾರ್ಥಾಳ ಕಡೆ ನೋಡಿ, ಕಹಿಮದ್ದು ನುಂಗುವವನಂತೆ, ಹನ್ನೊಂದನೆಯದನ್ನೂ ಹೇಳಿ ಮುಗಿಸಿದ. ಜನ ಆಮೆನ್ ಅಂದರು.

ಪದ್ಯ ಈಗಲೂ ಹಾಗೆಯೇ ನಡೆದುಬಂದಿದೆ: ಮೊದಲು ಕಾಲಿನ ಪೆಟ್ಟು, ಆಮೇಲೆ ಹೆಸರು. ಎರಡರಲ್ಲಿ ಯಾವುದನ್ನು ಬಿಡುವುದಕ್ಕೂ ಊರು ಒಪ್ಪಿಲ್ಲ.