ಅಮ್ಮನ ಟ್ಯಾಬ್‌ನಲ್ಲಿ ನನ್ನ ಖಾತೆ

ಅಮೆರಿಕದ ಜರ್ಮನ್‌ಟೌನಿನ ಒಂದು ಔಷಧ ಸಂಶೋಧನಾ ಕಂಪನಿಯಲ್ಲಿ ರೋಗಿಗಳ ದಾಖಲೆಗಳಿಂದ ಹೆಸರು, ಹುಟ್ಟಿದ ದಿನ, ವಿಳಾಸಗಳನ್ನು ಅಳಿಸುವುದು ನನ್ನ ಕೆಲಸ. ಮನೆಯಲ್ಲೂ ನಾನು ಹಾಗೆಯೇ. ಯಾವ ವೆಬ್‌ಸೈಟು ನಮ್ಮ ಜಾಡು ಹಿಡಿಯುವ ಕುಕೀಗಳಿಗೆ ಒಪ್ಪಿಗೆ ಕೇಳಿದರೂ, ಎಲ್ಲವನ್ನೂ ಬೇಡವೆನ್ನುವ ಗುಂಡಿ ಎಲ್ಲಿ ಅಡಗಿದೆಯೆಂದು ಹುಡುಕಿ ಒತ್ತುತ್ತೇನೆ. ಜಾಹೀರಾತು ತಡೆಯುವ ಬ್ರೌಸರ್ ಇಟ್ಟುಕೊಂಡಿದ್ದೇನೆ. ಫೋನಿನಲ್ಲಿ ಲೊಕೇಶನ್ ಸದಾ ಆಫ್. ನಾನು ಒಂದು ದಿನ ನಮ್ಮದೇ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟ್‌ನಲ್ಲಿ ಕಳೆದುಹೋಗುತ್ತೇನೆ ಎಂದು ನನ್ನ ಗಂಡ ಧೀರಜ್ ತಮಾಷೆ ಮಾಡುತ್ತಾನೆ.

ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಈ ಎಚ್ಚರ ಇನ್ನೂ ಹೆಚ್ಚಾಯಿತು. ಮ್ಯಾಮೊಗ್ರಾಮ್ ನೋಡಿದ ಡಾಕ್ಟರು ಬಯಾಪ್ಸಿ ಮಾಡೋಣ ಎಂದರು. ಅದರ ಬಗ್ಗೆ ಓದಿದ್ದನ್ನೆಲ್ಲ ಲ್ಯಾಪ್‌ಟಾಪಿನ ಏನೂ ದಾಖಲಾಗದ ಪ್ರೈವೇಟ್ ವಿಂಡೋದಲ್ಲಿ ಓದಿದೆ. ಧೀರಜ್‌ನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಅಮ್ಮನಿಗಂತೂ ತಿಳಿಯಲೇಬಾರದಿತ್ತು. ಅಮ್ಮ, ರೇಣುಕಾದೇವಿ, ಮೈಸೂರಿನಿಂದ ಬಂದು ಎರಡು ತಿಂಗಳಿಂದ ಷಾರ್ಲೆಟ್‌ನಲ್ಲಿ ನನ್ನ ತಮ್ಮ ಯಶವಂತ್‌ನ ಮನೆಯಲ್ಲಿದ್ದಳು. ರಿಪೋರ್ಟು ಬರುವ ಮಂಗಳವಾರದವರೆಗಾದರೂ ಅವಳು ನೆಮ್ಮದಿಯಾಗಿರಲಿ ಎಂದುಕೊಂಡಿದ್ದೆ.

ಬಯಾಪ್ಸಿ ಆಗಿ ಮೂರನೇ ದಿನ ಯಶವಂತ್ ಫೋನ್ ಮಾಡಿದ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಈಗಲೇ ಮೈಸೂರಿಗೆ ಹೋಗಬೇಕು, ಟಿಕೆಟ್ಟಿನ ದಿನ ಬದಲಾಯಿಸಿ ಬೇಗ ಕಳಿಸು ಎಂದು ಹಟ ಹಿಡಿದಿದ್ದಾಳಂತೆ. ಹಿಂದಿನ ದಿನ ಕೈಯ ಬಳೆಗಳನ್ನು ಬಿಚ್ಚಿ ಅವನ ಹೆಂಡತಿಗೆ ಕೊಟ್ಟು, ಇಟ್ಟುಕೋ, ಇನ್ನು ನನಗ್ಯಾಕೆ ಎಂದಳಂತೆ. ಏನಾಯಿತೆಂದು ಕೇಳಿದರೆ ಹೇಳುತ್ತಿಲ್ಲ. ಫೋನನ್ನು ಅಮ್ಮನಿಗೆ ಕೊಡಲು ಹೇಳಿದೆ.

“ಇಬ್ರೂ ಸೇರ್ಕೊಂಡು ನನ್ನ ಹತ್ರ ಏನು ಮುಚ್ಚಿಡ್ತಿದೀರ?” ಅಮ್ಮ ನೇರವಾಗಿ ಕೇಳಿದಳು.

ಮೂರು ವಾರದ ಹಿಂದೆ ಹೊಟ್ಟೆನೋವೆಂದು ಅವಳಿಗೆ ಷಾರ್ಲೆಟ್‌ನಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟಿದ್ದರು. ನಿಜಕ್ಕೂ ಅಷ್ಟೇ ಇತ್ತು. ಆದರೆ ಈಗ ಮೂರು ದಿನದಿಂದ, ಅವಳು ದೇವರನಾಮ ಕೇಳಲು ಟ್ಯಾಬ್ ತೆರೆದಾಗಲೆಲ್ಲ ಕ್ಯಾನ್ಸರ್ ವಿಡಿಯೊಗಳೇ ಮೇಲೆ ಬರುತ್ತಿದ್ದವು. ಬಯಾಪ್ಸಿಗೆ ಸಿದ್ಧರಾಗುವುದು ಹೇಗೆ, ಕೀಮೋಥೆರಪಿಯಲ್ಲಿ ಏನು ತಿನ್ನಬೇಕು, ಕೂದಲು ಉದುರಿದವರಿಗೆ ವಿಗ್ಗು.

“ಅದು ಸುಮ್ನೆ ಬರೋ ಜಾಹೀರಾತು ಅಮ್ಮ” ಎಂದೆ.

“ಸುಮ್ನೆ ಏನೂ ಬರಲ್ಲ, ಅವಕ್ಕೆ ನಮ್ಮ ಬಗ್ಗೆ ಎಲ್ಲ ಗೊತ್ತಿರುತ್ತೆ ಅಂತ ಹೇಳಿಕೊಟ್ಟವಳು ನೀನೇ. ನಿಮ್ಮಪ್ಪಂಗೆ ಅಲ್ಸರ್ ಅಂತ ಹೇಳಿದ್ವಲ್ಲ, ನೀನು, ನಾನು, ಡಾಕ್ಟ್ರು ಮೂರೂ ಜನ ಸೇರಿ. ಆವತ್ತೂ ನೀನು ಇದೇ ದನೀಲಿ ಮಾತಾಡಿದ್ದೆ ಕಣೆ.”

ಅಪ್ಪನಿಗೆ ಇದ್ದದ್ದು ಲಿವರ್ ಕ್ಯಾನ್ಸರ್. ಕೊನೆಯವರೆಗೂ ನಾವು ಅವರಿಗೆ ಹೇಳಲಿಲ್ಲ.

ಟ್ಯಾಬ್ ಕೊಡಿಸಿದವಳು ನಾನು. ಅಮ್ಮನಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ, ಏನಾದರೂ ಕೆಟ್ಟರೆ ಇಲ್ಲಿಂದಲೇ ಸರಿಮಾಡಬಹುದು ಎಂದು ನನ್ನದೇ ಖಾತೆ ಹಾಕಿ ಕೊಟ್ಟಿದ್ದೆ. ಇಲ್ಲಿರುವ ನಮ್ಮಂಥವರೆಲ್ಲ ಅಪ್ಪ ಅಮ್ಮಂದಿರಿಗೆ ಮಾಡುವುದು ಹಾಗೆಯೇ. ಲ್ಯಾಪ್‌ಟಾಪಿನಲ್ಲಿ ಅಷ್ಟು ಜೋಪಾನವಾಗಿದ್ದವಳು ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ಕೂತಾಗ ಎಡವಿದ್ದೆ. ಬಯಾಪ್ಸಿಗೆ ಮೊದಲು ಇದನ್ನು ನೋಡಿ ಎಂದು ಅವರು ಮೆಸೇಜಿನಲ್ಲಿ ಲಿಂಕ್ ಕಳಿಸಿದರು. ಯೋಚಿಸದೆ ಫೋನಿನಲ್ಲಿ ಹಾಗೇ ಒತ್ತಿದೆ. ವಿಡಿಯೊ ನನ್ನ ಖಾತೆಯಲ್ಲೇ ತೆರೆಯಿತು. ಅದಾದ ಮೇಲೆ ಅದರಂಥವೇ ಇನ್ನೂ ನಾಲ್ಕು ನೋಡಿದೆ. ನಾನು ನೋಡಿದ್ದರ ಬಾಲ ಹಿಡಿದು ಉಳಿದವೆಲ್ಲ ಷಾರ್ಲೆಟ್‌ಗೆ ಹೋಗಿದ್ದವು.

ಇನ್ನೊಂದು ಸುಳ್ಳು ಹೇಳಲು ಆಗದೇ ಇರಲಿಲ್ಲ. ಯಾರೋ ಸಹೋದ್ಯೋಗಿಗೆಂದು ಹುಡುಕಿದೆ ಎನ್ನಬಹುದಿತ್ತು. ಆದರೆ ಅವಳು ನಂಬುತ್ತಿರಲಿಲ್ಲ. ಬಳೆ ಬಿಚ್ಚಿಕೊಟ್ಟವಳು ಇನ್ನೂ ಐದು ದಿನ ತನ್ನ ಸಾವನ್ನು ಎಣಿಸುತ್ತಾ ಕೂರುತ್ತಿದ್ದಳು.

“ಅಮ್ಮ, ಆ ಟ್ಯಾಬ್‌ನಲ್ಲಿ ಇರೋದು ನನ್ನ ಅಕೌಂಟು. ಅದು ತೋರಿಸ್ತಿರೋದು ನಿನ್ನ ವಿಷಯ ಅಲ್ಲ” ಎಂದೆ. “ನಂದು. ಎದೇಲೊಂದು ಗಂಟಿದೆ.”

ಅಮ್ಮ ಕೇಳಿದಳು: “ಎಡಗಡೆನೋ, ಬಲಗಡೆನೋ?”

ಎಡಗಡೆ ಎಂದೆ. ಎಷ್ಟು ದೊಡ್ಡದು, ನೋವಿದೆಯಾ, ಧೀರಜ್ ಜೊತೆಗೆ ಬಂದಿದ್ದನಾ ಎಂದು ಒಂದೊಂದಾಗಿ ಕೇಳಿ, ಫೋನನ್ನು ಯಶವಂತ್ ಕೈಗೆ ಕೊಟ್ಟಳು. ಶನಿವಾರ ಅವನು ಏಳು ಗಂಟೆ ಡ್ರೈವ್ ಮಾಡಿಕೊಂಡು ಅವಳನ್ನು ಕರೆತಂದ. ದಾರಿಯುದ್ದಕ್ಕೂ ಅಮ್ಮ ತನ್ನ ಹೊಟ್ಟೆನೋವಿನ ಸುದ್ದಿಯನ್ನು ಎತ್ತಲೇ ಇಲ್ಲವಂತೆ.

ಊಟವಾದ ಮೇಲೆ ಅವಳ ಪಕ್ಕದಲ್ಲಿ ಕೂತು, ಟ್ಯಾಬ್‌ಗೆ ಅವಳದೇ ಖಾತೆ ಮಾಡತೊಡಗಿದೆ. ಹುಟ್ಟಿದ ದಿನಾಂಕ ಕೇಳಿತು. ನಿಜವಾದದ್ದನ್ನು ಕೊಡುವುದು ಬೇಡ ಎಂದೆ.

“ಸ್ಕೂಲಲ್ಲಿ ಮೇಷ್ಟ್ರು ಬರೆದ್ಕೊಂಡಿದ್ದೇ ಸುಳ್ಳು ತಾರೀಖು. ಅದನ್ನೇ ಹಾಕು, ಪಾಸ್‌ಪೋರ್ಟೇ ನಂಬಿದೆ” ಎಂದಳು. ಯಶವಂತ್ ನಕ್ಕುಬಿಟ್ಟ.

ಜಾಹೀರಾತಿಗಾಗಿ ಹಿಂಬಾಲಿಸುವುದನ್ನು ನಿಲ್ಲಿಸುವುದು ಎಲ್ಲಿ, ನೋಡಿದ್ದರ ಪಟ್ಟಿ ಅಳಿಸುವುದು ಹೇಗೆ ಎಂದು ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ನೋಡಿದಳು. ಕೊನೆಗೆ ನನ್ನ ಖಾತೆಯನ್ನು ತೆಗೆಯಲು ಹೋದಾಗ ಪರದೆಯ ಮೇಲೆ ಕೈ ಅಡ್ಡ ಇಟ್ಟಳು.

“ಇದನ್ನ ತೆಗೀಬೇಡ. ನೀನಂತೂ ಬಾಯಿ ಬಿಟ್ಟು ಹೇಳೋಳಲ್ಲ. ಇದಾದ್ರೂ ಹೇಳುತ್ತೆ.”

ರಿಪೋರ್ಟು ಇದರಲ್ಲಿ ಬರುವುದಿಲ್ಲ, ಆಸ್ಪತ್ರೆಯ ಪೋರ್ಟಲ್‌ನಲ್ಲಿ ನನಗೊಬ್ಬಳಿಗೇ ಬರುತ್ತದೆ ಎಂದು ತಿಳಿಸಿದೆ. ಅವಳು ಸ್ವಲ್ಪ ಯೋಚಿಸಿ ಕೈ ತೆಗೆದಳು. ಮರುದಿನ ಬೆಳಿಗ್ಗೆ ಅಮ್ಮನೂ ತನ್ನ ಜೊತೆ ವಾಪಸ್ ಹೊರಡಬೇಕೆಂದು ಯಶವಂತ್ ಹೇಳುತ್ತಿದ್ದ. ಅಮ್ಮ ಅವನ ಕಡೆ ನೋಡದೆ, ಕಾರಿನಿಂದ ತನ್ನ ಸೂಟ್‌ಕೇಸ್ ತಂದು ನನ್ನ ಕೋಣೆಯ ಪಕ್ಕದ ಕೋಣೆಯಲ್ಲಿಡು ಎಂದಳು.

ನಾನು ನನ್ನ ಖಾತೆಯನ್ನು ತೆಗೆದೆ.